ಕ್ಷಯ ತಡೆಗೆ ಆಹಾರ: ರೇಷನ್ಸ್ ಅಧ್ಯಯನ

ಕ್ಷಯರೋಗಿಯ ಮನೆಗೆ ಅಕ್ಕಿ, ಬೇಳೆ ಕೊಡುವುದನ್ನು ನಾವು ದಾನದ ಲೆಕ್ಕಕ್ಕೆ ಬರೆಯುತ್ತೇವೆ. ಅದನ್ನು ರೋಗ ತಡೆಯ ಲೆಕ್ಕಕ್ಕೆ ಬರೆಯಲು ಈಗ ಗಟ್ಟಿ ಆಧಾರವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕೆ.ಜಿ. ಆಹಾರದ ಚೀಲ ಸಿಕ್ಕಿತು. ಒಂದು ಗುಂಪಿನಲ್ಲಿ ಮಾತ್ರ ಮನೆಯವರಿಗೂ ತಲಾ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ. ಆ ಗುಂಪಿನ ಮನೆಯವರಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆಯಿತ್ತು. ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯವಂತೂ ಶೇ 48ರಷ್ಟು ಕಡಿಮೆ.

ರೋಗಿಗಳ ಪೈಕಿ 2 ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಕಂಡಿತು. ಕಾಯಿಲೆ ಹಗುರವಾಗಿದ್ದವರೇ ಬೇಗ ಮೈತುಂಬಿಕೊಂಡಿರಬಹುದಲ್ಲ? ಆಕ್ಷೇಪ ನ್ಯಾಯವಾದದ್ದೇ, ಏಕೆಂದರೆ ಆಹಾರ ಸಿಗದ ರೋಗಿಗಳ ಗುಂಪೇ ಹೋಲಿಕೆಗೆ ಇರಲಿಲ್ಲ (ಬಡಕಲಾದ ರೋಗಿಯನ್ನು ಹಾಗೆ ಬಿಡುವುದು ಯಾವ ನೀತಿಯೂ ಅಲ್ಲ). ಮನೆಯವರ ಅಂಕಿಗೆ ಮಾತ್ರ ಈ ಆಕ್ಷೇಪ ತಟ್ಟದು. ಅಲ್ಲಿ ಗುಂಪುಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಲಾಗಿತ್ತು. ಈ ಅಧ್ಯಯನಕ್ಕೂ ಸರ್ಕಾರದ ನೆರವಿಗೂ ಇರುವ ಒಂದು ವ್ಯತ್ಯಾಸ ಗಮನಿಸಬೇಕು: ಕೇಂದ್ರ ಸರ್ಕಾರದ 2018ರ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ₹500, 2024ರ ನವೆಂಬರ್‌ನಿಂದ ₹1,000 ಆದರೂ, ಸೇರುವುದು ರೋಗಿಯ ಖಾತೆಗೆ. ಮನೆಯವರ ಆಹಾರ 2024ರಲ್ಲಿ ದಾನಿಗಳು ರೋಗಿಗಳಿಗೆ ನೆರವಾಗುವ ನಿಕ್ಷಯ್ ಮಿತ್ರ ವ್ಯವಸ್ಥೆಯಡಿ ಬಂತು, ಅಂದರೆ ಅದು ದಾನಿಗಳ ಕೈಯಲ್ಲಿದೆ.