ಗುರಿಯ ಗಳಿಗೆಯಲ್ಲಿ ದೃಷ್ಟಿ ಎಲ್ಲಿರಬೇಕು?

ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಈ ಮೂರೂ ಮೇಜಿನ ಆಟಗಳಲ್ಲಿ ಕೈಯ ಕೌಶಲವೇ ಸರ್ವಸ್ವವೆಂಬುದು ಸಾಮಾನ್ಯ ನಂಬಿಕೆ. ಕಚೇರಿಯ ಕೆಲಸ ಮುಗಿಸಿ ಸಂಜೆ ಕ್ಲಬ್ಬಿಗೆ ಬರುವ ಆಟಗಾರನು ಸುಲಭವಾದ ಚೆಂಡನ್ನು ತಪ್ಪಿದಾಗ ದೂರುವುದು ತನ್ನ ಮೊಣಕೈಯನ್ನು. ನಲವತ್ತು ದಾಟಿದ್ದರೆ ತನ್ನ ವಯಸ್ಸನ್ನು. ಆದರೆ ಅನೇಕ ವೇಳೆ ದೋಷವಿರುವುದು ಕೈಯಲ್ಲಲ್ಲ, ನೋಟದಲ್ಲಿ.

ಅಕ್ಷಿಪಟಲದ ನಡುವಿನ ಒಂದು ಪುಟ್ಟ ಭಾಗ ಮಾತ್ರ ವಸ್ತುವನ್ನು ಅತಿ ಸ್ಫುಟವಾಗಿ ಕಾಣಬಲ್ಲದು. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ. ಒಂದೂವರೆ ಮೀಟರ್ ದೂರದಲ್ಲಿ ಇದು 5 ಸೆಂಟಿಮೀಟರಿಗಿಂತ ತುಸು ಹೆಚ್ಚು, ಎಂದರೆ 52.5 ಮಿಲಿಮೀಟರ್ ವ್ಯಾಸದ ಒಂದೇ ಒಂದು ಸ್ನೂಕರ್ ಚೆಂಡಿನಷ್ಟು. ಹತ್ತಿರದ ಬಿಳಿ ಚೆಂಡನ್ನೂ ದೂರದ ಗುರಿಚೆಂಡನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ನೋಡುವುದು ಅಸಾಧ್ಯ. ಎರಡು ಲೆಡ್ಜರುಗಳನ್ನು ತಾಳೆ ನೋಡುವವನು ಒಂದಾದ ಮೇಲೊಂದನ್ನು ಓದುವಂತೆ ಇಲ್ಲಿಯೂ ಕ್ರಮ ಬೇಕು.

ಆ ಕ್ರಮ ಹೀಗಿದೆ. ಮೊದಲು ನಿಂತುಕೊಂಡೇ ಚೆಂಡು ಪಾಕೆಟ್ಟಿಗೆ ಸಾಗಬೇಕಾದ ರೇಖೆಯನ್ನು ಗುರುತಿಸಬೇಕು. ಬಾಗಿದ ಮೇಲೆ ಕ್ಯೂವಿನ ತುದಿ ಬಿಳಿ ಚೆಂಡಿನ ಯಾವ ಬಿಂದುವನ್ನು ಮುಟ್ಟಬೇಕೆಂದು ನೋಡಬೇಕು. ಕ್ಯೂವನ್ನು ಹಿಂದೆಮುಂದೆ ಆಡಿಸುವಾಗ ನೋಟ ಎರಡೂ ಚೆಂಡುಗಳ ನಡುವೆ ಓಡಾಡಬಹುದು. ಆದರೆ ಕೊನೆಯ ಬಾರಿ ಕ್ಯೂ ಹಿಂದೆ ಸರಿದು ನಿಂತಾಗ ದೃಷ್ಟಿ ಗುರಿಚೆಂಡಿನ ಮೇಲೆ ನೆಲೆಸಬೇಕು. ಹೊಡೆತ ಮುಗಿಯುವವರೆಗೆ ಅಲ್ಲಿಂದ ಕದಲಬಾರದು, ತಲೆಯೂ ಮೇಲೇಳಬಾರದು. ಕ್ಯೂವಿನ ಹಿಂಬದಿಯನ್ನು ಎತ್ತಿ ಹೊಡೆಯಬೇಕಾದಂಥ ಕಠಿಣ ಸಂದರ್ಭಗಳಲ್ಲಿ ಮಾತ್ರ ಬಿಳಿ ಚೆಂಡನ್ನೇ ಕೊನೆಗೆ ನೋಡುವವರುಂಟು.

ಈ ಅಂತಿಮ ಸ್ಥಿರ ನೋಟವನ್ನು ವಿಜ್ಞಾನಿಗಳು ‘ಶಾಂತ ದೃಷ್ಟಿ’ ಎಂದು ಕರೆದಿದ್ದಾರೆ. 2002ರಲ್ಲಿ ಬಿಲಿಯರ್ಡ್ಸ್ ಆಟಗಾರರ ಕುರಿತು ಪ್ರಕಟವಾದ ಅಧ್ಯಯನವೊಂದರಲ್ಲಿ, ನುರಿತವರ ನೋಟ ಇತರರಿಗಿಂತ ದೀರ್ಘಕಾಲ ನೆಲೆಗೊಂಡಿದ್ದುದು ಕಂಡುಬಂದಿತು. ಗುರಿ ತಪ್ಪಿದ ಹೊಡೆತಗಳಲ್ಲಿ ಅದರ ಅವಧಿ ಕಡಿಮೆಯಾಗಿತ್ತು.

ಎರಡು ಕಣ್ಣುಗಳಲ್ಲಿ ಒಂದು ಸಾಮಾನ್ಯವಾಗಿ ಪ್ರಧಾನವಾಗಿರುತ್ತದೆ. ಎರಡೂ ಕಣ್ಣು ತೆರೆದು, ಚಾಚಿದ ಕೈಯ ಹೆಬ್ಬೆರಳಿನಿಂದ ದೂರದ ವಸ್ತುವೊಂದನ್ನು ಮರೆಮಾಡಿ, ಬಳಿಕ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಿರುವಾಗ ಬೆರಳು ಸ್ಥಳ ಬದಲಿಸದೋ ಅದೇ ಪ್ರಧಾನ. ಹದಿನೈದು ಬಾರಿ ವಿಶ್ವ ಸ್ನೂಕರ್ ಚಾಂಪಿಯನ್ ಆಗಿದ್ದ ಜೋ ಡೇವಿಸರ ಬಲಗಣ್ಣು ದುರ್ಬಲವಾಗಿತ್ತು. ಅವರು ಕ್ಯೂವನ್ನು ಎಡಗಣ್ಣಿನ ಕೆಳಗೆ ಹಿಡಿದು ಆಡಿದರು.

ನಲವತ್ತರ ನಂತರ ಚಾಳೀಸಿನ ತೊಡಕು ಸೇರುತ್ತದೆ. ಓದುವ ಕನ್ನಡಕದಲ್ಲಿ ದೂರದ ಚೆಂಡು ಮಸುಕು. ಬಾಗಿ ನಿಂತಾಗ ಸಾಮಾನ್ಯ ಕನ್ನಡಕದ ಚೌಕಟ್ಟೇ ನೋಟಕ್ಕೆ ಅಡ್ಡ. ಡೆನಿಸ್ ಟೇಲರ್ ಎತ್ತರವಾಗಿ ಕೂರುವ ವಿಶೇಷ ಕನ್ನಡಕ ಧರಿಸಿಯೇ 1985ರಲ್ಲಿ ಸ್ಟೀವ್ ಡೇವಿಸರನ್ನು 18-17ರಿಂದ, ಕಟ್ಟಕಡೆಯ ಕಪ್ಪು ಚೆಂಡಿನ ಮೇಲೆ, ಸೋಲಿಸಿ ವಿಶ್ವ ಪ್ರಶಸ್ತಿ ಗೆದ್ದರು.

ಆದುದರಿಂದ ಗುರಿ ಪದೇ ಪದೇ ತಪ್ಪತೊಡಗಿದರೆ ಕ್ಯೂ ಬದಲಿಸುವ ಮುನ್ನ ನೇತ್ರವೈದ್ಯರನ್ನು ಕಾಣುವುದು ಲೇಸು. ಗ್ಲಾಕೋಮಾದಂಥ ರೋಗ ಬಹುಮಟ್ಟಿಗೆ ನೋವಿಲ್ಲದೆಯೇ ದೃಷ್ಟಿಯನ್ನು ಕಸಿಯುತ್ತದೆ. ಕಳೆದುಹೋದ ದೃಷ್ಟಿ ಮರಳಿ ಬಾರದು. ಸಕಾಲದ ಪರೀಕ್ಷೆಯಿಂದ ಆಟವಷ್ಟೇ ಅಲ್ಲ, ಕಣ್ಣೂ ಉಳಿದೀತು.