ಫ್ರೈಡ್ ರೈಸ್ ತರಿಸುವ ಮುನ್ನ ಒಮ್ಮೆ ಅಡುಗೆಮನೆಗೆ ಬನ್ನಿ

ಇಶಾ ನಮಾಝ್ ಮುಗಿದಿದೆ. ಒಲೆಯ ಪಕ್ಕದ ಪಾತ್ರೆಯಲ್ಲಿ ಮಧ್ಯಾಹ್ನದ ಅನ್ನ ಇದೆ, ಸಾರೂ ಇದೆ. ಆದರೆ ಮಕ್ಕಳಿಗೆ ಅದು ಬೇಡ. "ಉಮ್ಮಾ, ಫ್ರೈಡ್ ರೈಸ್ ತರಿಸೋಣ" ಎಂದು ಮಗ. "ನನಗೆ ನೂಡಲ್ಸ್, ಜೊತೆಗೆ ಗೋಬಿ" ಎಂದು ಮಗಳು. ದಿನವಿಡೀ ದುಡಿದು ಸುಸ್ತಾಗಿರುವ ನೀವು "ಸರಿ, ಇವತ್ತೊಂದು ದಿನ" ಎನ್ನುತ್ತಾ ಫೋನ್ ಕೈಗೆತ್ತಿಕೊಳ್ಳುತ್ತೀರಿ. ಈ "ಇವತ್ತೊಂದು ದಿನ" ವಾರಕ್ಕೆ ಎರಡು ದಿನ, ಮೂರು ದಿನ ಆಗುವುದು ಗೊತ್ತೇ ಆಗುವುದಿಲ್ಲ.

ಹೊರಗಿನ ಊಟವನ್ನೆಲ್ಲ ವಿಷವೆಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಶುಚಿಯಾಗಿ, ಪ್ರಾಮಾಣಿಕವಾಗಿ ಅಡುಗೆ ಮಾಡುವ ಹೋಟೆಲಿನವರು ನಮ್ಮ ನಡುವೆಯೇ ಬಹಳ ಮಂದಿ ಇದ್ದಾರೆ. ಆದರೆ ಫ್ರೈಡ್ ರೈಸ್, ನೂಡಲ್ಸ್, ಮಂಚೂರಿಯಂತಹ ತಿನಿಸುಗಳಲ್ಲಿ ನಾಲ್ಕು ಸಂಗತಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಣ್ಣ, ಉಪ್ಪು, ಎಣ್ಣೆ ಮತ್ತು ಅನ್ನ ಬೆಂದು ಎಷ್ಟು ಹೊತ್ತಾಯಿತು ಎಂಬುದು. ಮನೆಯಲ್ಲಿ ಮಾಡಿದರೆ ಈ ನಾಲ್ಕೂ ನಮ್ಮ ಕೈಯಲ್ಲಿರುತ್ತವೆ. ಅಡುಗೆಗೆ ಬೇಕಾಗುವ ಸಮಯವೂ ಆರ್ಡರ್ ಮಾಡಿ ಕಾಯುವ ಸಮಯಕ್ಕಿಂತ ಹೆಚ್ಚಲ್ಲ.

ಕೆಂಪು ಬಣ್ಣದ ಕಥೆ

2024ರ ಮಾರ್ಚ್‌ನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ರಾಜ್ಯದ ನಾನಾ ಕಡೆಗಳಿಂದ ತಂದ ಗೋಬಿ ಮಂಚೂರಿಯ 171 ಮಾದರಿಗಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಅವುಗಳಲ್ಲಿ 107 ಮಾದರಿಗಳು ಅಸುರಕ್ಷಿತ ಎಂದು ಕಂಡುಬಂತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್ ಎಂಬ ಕೃತಕ ಬಣ್ಣಗಳು ಅವುಗಳಲ್ಲಿದ್ದವು. ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕೋಳಿ, ಮೀನಿನ ಕಬಾಬ್‌ಗಳಿಗೂ ಈ ನಿಷೇಧ ಬಂತು.

ಯುರೋಪಿನ ದೇಶಗಳಲ್ಲಿ ಈ ಮೂರು ಬಣ್ಣಗಳಿರುವ ಆಹಾರದ ಪೊಟ್ಟಣದ ಮೇಲೆ, ಇದು ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಬೀರಬಹುದು ಎಂಬ ಎಚ್ಚರಿಕೆಯನ್ನು 2010ರಿಂದ ಕಡ್ಡಾಯವಾಗಿ ಮುದ್ರಿಸಬೇಕು. ನಮ್ಮ ಬೀದಿಯಲ್ಲಿ ಕಾಗದದ ತಟ್ಟೆಗೆ ಬೀಳುವ ಗೋಬಿಯ ಮೇಲೆ ಇಂಥ ಎಚ್ಚರಿಕೆ ಇರುವುದಿಲ್ಲ.

ನಿಜವಾಗಿ ನೋಡಿದರೆ ಬಣ್ಣಕ್ಕಾಗಿ ನಾವು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಹಾವೇರಿಯ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಗಾಢ ಎಂದೇ ಹೆಸರಾದದ್ದು. ಒಂದು ಚಮಚ ಬ್ಯಾಡಗಿ ಪುಡಿ ಯಾವ ಡಬ್ಬಿ ಬಣ್ಣಕ್ಕೂ ಕಡಿಮೆಯಿಲ್ಲ.

ಕಾಣದ ಉಪ್ಪು

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರಲ್ಲಿರುವ ಸೋಡಿಯಂ ಸುಮಾರು 2000 ಮಿಲಿಗ್ರಾಂ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ. ಹಾಗಿದ್ದರೆ ಸೋಯಾ ಸಾಸ್, ಚಿಲ್ಲಿ ಸಾಸ್, ಟೊಮೆಟೊ ಸಾಸ್ ಎಲ್ಲವೂ ಬಿದ್ದು, ಮೇಲೆ ಮತ್ತೆ ಉಪ್ಪೂ ಬಿದ್ದ ಒಂದು ತಟ್ಟೆ ನೂಡಲ್ಸ್ ಏನಾಗುತ್ತದೆ, ಯೋಚಿಸಿ. ಮನೆಯಲ್ಲಿ ರಕ್ತದೊತ್ತಡದ ಮಾತ್ರೆ ನುಂಗುವ ಅಜ್ಜನೋ ಅಜ್ಜಿಯೋ ಇದ್ದು, ಮೊಮ್ಮಕ್ಕಳೊಂದಿಗೆ ಅವರೂ ಅದನ್ನೇ ತಿಂದರೆ, ಒಂದೇ ಊಟದಲ್ಲಿ ದಿನದ ಲೆಕ್ಕ ಮುಗಿದುಹೋಗುತ್ತದೆ.

ಇಲ್ಲಿ ಅಜಿನೊಮೊಟೊ ಬಗ್ಗೆಯೂ ಒಂದು ಮಾತು. ಹಲವರು ಅದನ್ನು ವಿಷವೆಂದೇ ತಿಳಿದಿದ್ದಾರೆ. ಸಾಧಾರಣ ಪ್ರಮಾಣದಲ್ಲಿ ಅದು ಆರೋಗ್ಯವಂತರಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಅದರಲ್ಲೂ ಸೋಡಿಯಂ ಇದೆ. ಒಂದು ವರ್ಷದೊಳಗಿನ ಶಿಶುಗಳ ಆಹಾರಕ್ಕೆ ಅದನ್ನು ಹಾಕಲೇಬಾರದು. ಮನೆಯ ಅಡುಗೆಗೆ ಅದರ ಅಗತ್ಯವೂ ಇಲ್ಲ. ಬೆಳ್ಳುಳ್ಳಿ, ಶುಂಠಿ, ಟೊಮೆಟೊ, ಕೋಳಿ ಎಲುಬಿನ ಸಾರು ಇವೇ ಸಾಕಷ್ಟು ರುಚಿ ಕೊಡುತ್ತವೆ.

ಮತ್ತೆ ಮತ್ತೆ ಕಾದ ಎಣ್ಣೆ

ಕರಿದ ಎಣ್ಣೆಯನ್ನು ಪದೇಪದೇ ಕಾಯಿಸಿದಾಗ ಅದು ಒಡೆದು, ಪೋಲಾರ್ ಸಂಯುಕ್ತಗಳು ಎಂಬ ಕೆಟ್ಟ ಅಂಶಗಳು ಅದರಲ್ಲಿ ಹೆಚ್ಚುತ್ತಾ ಹೋಗುತ್ತವೆ. ಇವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ನಿಯಮ ಮಾಡಿದೆ. ಮನೆಯಲ್ಲಿ ಅಳೆಯುವ ಯಂತ್ರ ಇಲ್ಲದಿದ್ದರೂ ಕಣ್ಣು, ಮೂಗು ಇವೆ. ಎಣ್ಣೆ ಕಪ್ಪಗಾಗಿ, ಮಂದವಾಗಿ, ಕಾಯಿಸುವಾಗ ನೊರೆ ಬಂದರೆ, ಘಾಟು ವಾಸನೆ ಹೊಡೆದರೆ ಅದನ್ನು ಬಿಟ್ಟುಬಿಡಿ. ಅದಕ್ಕಿಂತ ಒಳ್ಳೆಯದು, ಕರಿಯದೆಯೇ ಮಾಡುವುದು. ಹೇಗೆಂದು ಮುಂದೆ ನೋಡೋಣ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ತಣ್ಣಗಿನ ಅನ್ನ

ಮನೆಯಲ್ಲಿ ಮಾಡಿದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎಂದುಕೊಳ್ಳಬೇಡಿ. ಮೊದಲಿಗೆ ಹೇಳಿದೆನಲ್ಲ, ಒಲೆಯ ಪಕ್ಕದ ಪಾತ್ರೆಯಲ್ಲಿರುವ ಮಧ್ಯಾಹ್ನದ ಅನ್ನ, ಅದರಿಂದ ಫ್ರೈಡ್ ರೈಸ್ ಮಾಡೋಣ ಎಂದು ಯಾರಿಗಾದರೂ ತೋಚುವುದು ಸಹಜ. ತಣ್ಣಗಾದ ಅನ್ನ ಉದುರುದುರಾಗಿರುವುದರಿಂದ ಫ್ರೈಡ್ ರೈಸಿಗೆ ಅದೇ ಚೆಂದ. ಆದರೆ ಏಳೆಂಟು ಗಂಟೆ ಹೊರಗೇ ಇದ್ದ ಅನ್ನವನ್ನು ದಯವಿಟ್ಟು ಬಳಸಬೇಡಿ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೇಯುವಾಗಲೂ ಅವು ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಹೊರಗೆ ಕೂತಾಗ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ಈ ವಿಷವು ಬಾಣಲೆಯಲ್ಲಿ ಎಷ್ಟು ಹುರಿದರೂ ಹೋಗುವುದಿಲ್ಲ. ವಾಸನೆಯಿಂದಲೂ ರುಚಿಯಿಂದಲೂ ಗೊತ್ತಾಗುವುದಿಲ್ಲ. ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಹೆಚ್ಚಿನವರಿಗೆ ಒಂದು ದಿನದಲ್ಲಿ ಸರಿಹೋಗುತ್ತದೆ. ಪುಟ್ಟ ಮಕ್ಕಳಿಗೆ, ವೃದ್ಧರಿಗೆ ನೀರಿನಂಶ ಬೇಗ ಕಡಿಮೆಯಾಗುವುದರಿಂದ ಓಆರ್‌ಎಸ್ ಕುಡಿಸುತ್ತಾ ಇರಿ, ವಾಂತಿ ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಹಾಗಾದರೆ ಸರಿಯಾದ ಕ್ರಮ ಯಾವುದು? ಅನ್ನ ಬೆಂದ ಕೂಡಲೇ ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ, ಫ್ಯಾನ್ ಕೆಳಗೆ ಆರಿಸಿ. ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗೆ ಸೇರಿಸಿ. ಮರುದಿನದೊಳಗೆ ಬಳಸಿ. ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲ. ಉಳಿದದ್ದನ್ನು ಮತ್ತೆ ಬಿಸಿ ಮಾಡಿ ಬಡಿಸಬೇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಅರ್ಧ ಗಂಟೆ ಮೊದಲು ಅನ್ನ ಮಾಡಿ, ಆರಿಸಿ, ಆಗಲೇ ಹುರಿದರೆ ಸಾಕು. ಅನ್ನ ಹಾಳು ಮಾಡುವುದು ಸರಿಯಲ್ಲ ಎಂಬುದು ನಮಗೆಲ್ಲ ಗೊತ್ತು. ಅದಕ್ಕಾಗಿಯೇ ಬೇಕಾದಷ್ಟೇ ಬೇಯಿಸಿ, ಉಳಿದದ್ದನ್ನು ಹೊತ್ತಿಗೆ ಸರಿಯಾಗಿ ತೆಗೆದಿಡಿ.

ಸಾಸ್ ಬಾಟಲಿಯ ಚೀಟಿ ಓದಿ

ಹಲಾಲ್ ಎಂದರೆ ಮಾಂಸ ಮಾತ್ರ ಎಂದುಕೊಳ್ಳುವವರಿದ್ದಾರೆ. ಚೀನಾ, ಜಪಾನ್ ಅಡುಗೆಯಲ್ಲಿ ಮಾಂಸದಷ್ಟೇ ಗಮನ ಕೊಡಬೇಕಾದದ್ದು ಸಾಸ್‌ಗಳಿಗೆ. ಜಪಾನಿನ ಮಿರಿನ್ ಅಕ್ಕಿಯಿಂದ ಮಾಡಿದ ಸಿಹಿ ಮದ್ಯ. ಚೀನೀ ಅಡುಗೆಯ ಶಾವ್‌ಶಿಂಗ್ ಕೂಡ ಅಕ್ಕಿಯ ಮದ್ಯವೇ. ಬೆಂದಾಗ ಮದ್ಯವೆಲ್ಲ ಆವಿಯಾಗಿ ಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ. ಅವುಗಳ ಬದಲು ಅರ್ಧ ಚಮಚ ಸಕ್ಕರೆ ಮತ್ತು ಸ್ವಲ್ಪ ಲಿಂಬೆರಸ ಹಾಕಿದರೆ ಅದೇ ಸಿಹಿ-ಹುಳಿ ಬರುತ್ತದೆ. ಪೊಟ್ಟಣದ ಮೇಲೆ 120 ಎಂಬ ಬಣ್ಣದ ಸಂಖ್ಯೆ ಕಂಡರೆ ಅದು ಕೀಟದಿಂದ ತೆಗೆದ ಕೆಂಪು ಬಣ್ಣ ಎಂದು ತಿಳಿಯಿರಿ.

ಈಗ ಮೂರು ತಿನಿಸುಗಳು. ಅಳತೆ ನಾಲ್ವರಿಗೆ.

1. ನಾಸಿ ಗೋರೆಂಗ್

ಇದು ಇಂಡೋನೇಷ್ಯಾದ ಮನೆಮನೆಯ ಅಡುಗೆ. ನಾಸಿ ಎಂದರೆ ಅನ್ನ, ಗೋರೆಂಗ್ ಎಂದರೆ ಹುರಿದದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾದ ಅಲ್ಲಿ ಬೆಳಗಿನ ಉಪಾಹಾರಕ್ಕೂ ಇದನ್ನು ತಿನ್ನುತ್ತಾರೆ.

ಬೇಕಾದದ್ದು: ಸರಿಯಾಗಿ ಆರಿಸಿಟ್ಟ ಅನ್ನ 4 ಕಪ್, ಮೊಟ್ಟೆ 4, ಸಣ್ಣ ಈರುಳ್ಳಿ 8, ಬೆಳ್ಳುಳ್ಳಿ 4 ಎಸಳು, ನೆನೆಸಿದ ಬ್ಯಾಡಗಿ ಮೆಣಸು 4, ಹೆಚ್ಚಿದ ಕ್ಯಾರೆಟ್, ಬೀನ್ಸ್, ಎಲೆಕೋಸು ಒಟ್ಟು 2 ಕಪ್, ಸೋಯಾ ಸಾಸ್ 1 ದೊಡ್ಡ ಚಮಚ, ಬೆಲ್ಲದ ಪುಡಿ 1 ಟೀ ಚಮಚ, ಎಣ್ಣೆ 2 ದೊಡ್ಡ ಚಮಚ.

ಈರುಳ್ಳಿ, ಬೆಳ್ಳುಳ್ಳಿ, ಮೆಣಸನ್ನು ತರಿತರಿಯಾಗಿ ಅರೆಯಿರಿ. ಅಲ್ಲಿನವರು ಇದಕ್ಕೆ ಸಿಗಡಿಯ ಗಟ್ಟಿ ಹಿಟ್ಟು ಸೇರಿಸುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಸಿಗುವ ಒಣ ಸಿಗಡಿಯನ್ನು ಹುರಿದು ಒಂದು ಚಮಚ ಪುಡಿ ಮಾಡಿ ಹಾಕಿದರೆ ಅದೇ ಪರಿಮಳ. ಆಗ ಬೇರೆ ಉಪ್ಪು ಬೇಡ. ಸಿಗಡಿ ಇಲ್ಲದಿದ್ದರೆ ಅರ್ಧ ಟೀ ಚಮಚ ಉಪ್ಪು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಅರೆದದ್ದನ್ನು ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ತರಕಾರಿ ಹಾಕಿ ದೊಡ್ಡ ಉರಿಯಲ್ಲಿ ಮೂರು ನಿಮಿಷ ತಿರುವಿ. ಅನ್ನ, ಬೆಲ್ಲ ಕಲಸಿದ ಸೋಯಾ ಸಾಸ್ ಹಾಕಿ ಅನ್ನ ಹಬೆಯಾಡುವವರೆಗೆ ಹುರಿಯಿರಿ. ಪ್ರತಿಯೊಬ್ಬರ ತಟ್ಟೆಯ ಮೇಲೆ ಒಂದೊಂದು ಪೂರ್ತಿ ಬೆಂದ ಮೊಟ್ಟೆ ದೋಸೆ, ಪಕ್ಕದಲ್ಲಿ ಸೌತೆಕಾಯಿ ಹೋಳು.

2. ಕೋಳಿ ಸಾರಿನ ನೂಡಲ್ಸ್

ಚೀನಾದ ಲಾನ್‌ಝೌ ನಗರದ ಹ್ವೇ ಮುಸ್ಲಿಮರು ಕೈಯಲ್ಲೇ ಎಳೆದು ಮಾಡುವ, ಮಾಂಸದ ತಿಳಿಸಾರಿನ ನೂಡಲ್ಸ್ ಆ ದೇಶದಲ್ಲೆಲ್ಲ ಪ್ರಸಿದ್ಧ. ಎಳೆಯುವ ವಿದ್ಯೆ ನಮಗೆ ಬಾರದಿದ್ದರೂ ತಿಳಿಸಾರು ಮಾಡಲು ಬರುತ್ತದೆ.

ಎಲುಬಿರುವ ಕೋಳಿ ಅರ್ಧ ಕಿಲೋ, ಜಜ್ಜಿದ ಶುಂಠಿ ಒಂದು ತುಂಡು, ಬೆಳ್ಳುಳ್ಳಿ 5 ಎಸಳು, ಕಾಳುಮೆಣಸು ಅರ್ಧ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ನೀರು 6 ಲೋಟ ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಎಲುಬು ತೆಗೆದು ಮಾಂಸ ಬಿಡಿಸಿಡಿ. ಸಾರು ಕುದಿಯುವಾಗ ಕ್ಯಾರೆಟ್, ಎಲೆಕೋಸು, ಈರುಳ್ಳಿ ಸೊಪ್ಪು ಹಾಕಿ. ನೂಡಲ್ಸನ್ನು ಬೇರೆ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಬಟ್ಟಲಿಗೆ ಹಾಕಿ ಮೇಲೆ ಮಾಂಸ, ಬಿಸಿಸಾರು ಸುರಿಯಿರಿ. ಲಿಂಬೆ ಹಿಂಡಿ. ದಿಢೀರ್ ನೂಡಲ್ಸ್ ಪೊಟ್ಟಣವನ್ನೇ ಬಳಸುವುದಾದರೆ ಒಳಗಿನ ಮಸಾಲೆ ಚೀಟನ್ನು ಪಕ್ಕಕ್ಕಿಡಿ. ಅದರ ಉಪ್ಪೇ ಹೆಚ್ಚು.

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಹನಿ ಸಿಡಿದು ಪಕ್ಕದ ಪಾತ್ರೆ, ಸೊಪ್ಪಿನ ಮೇಲೆ ರೋಗಾಣು ಬೀಳುತ್ತದೆ. ತೊಳೆಯಲೇಬೇಕೆಂದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಆಮೇಲೆ ಸಿಂಕನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಮಾಂಸಕ್ಕೊಂದು, ತರಕಾರಿಗೊಂದು ಹಲಗೆ ಇರಲಿ.

3. ಪಡ್ಡಿನ ಕಾವಲಿಯ ಗೋಬಿ ಮಂಚೂರಿ

ಒಂದು ಹೂಕೋಸನ್ನು ಸಣ್ಣ ಹೂಗಳಾಗಿ ಬಿಡಿಸಿ, ಅರಿಶಿನ ಹಾಕಿದ ಬಿಸಿ ನೀರಿನಲ್ಲಿ ಐದು ನಿಮಿಷ ಇಟ್ಟು ಬಸಿಯಿರಿ. ಮೈದಾ 3, ಕಾರ್ನ್‌ಫ್ಲೋರ್ 2, ಅಕ್ಕಿ ಹಿಟ್ಟು 1 ದೊಡ್ಡ ಚಮಚ, ಬ್ಯಾಡಗಿ ಪುಡಿ 1 ಟೀ ಚಮಚ, ಶುಂಠಿ-ಬೆಳ್ಳುಳ್ಳಿ ಅರೆದದ್ದು 1 ಟೀ ಚಮಚ, ಚಿಟಿಕೆ ಉಪ್ಪು ಸೇರಿಸಿ ಗಟ್ಟಿಯಾಗಿ ಕಲಸಿ, ಹೂಗಳಿಗೆ ಹಚ್ಚಿ. ಪಡ್ಡಿನ ಕಾವಲಿಯ ಪ್ರತಿ ಗುಳಿಗೆ ನಾಲ್ಕೈದು ಹನಿ ಎಣ್ಣೆ ಬಿಟ್ಟು, ಒಂದೊಂದು ಹೂ ಇಟ್ಟು, ಸಣ್ಣ ಉರಿಯಲ್ಲಿ ತಿರುವುತ್ತಾ ಗರಿಗರಿ ಮಾಡಿ.

ಇನ್ನೊಂದು ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಹೆಚ್ಚಿದ ಬೆಳ್ಳುಳ್ಳಿ, ಹಸಿಮೆಣಸು, ಈರುಳ್ಳಿ, ದೊಣ್ಣೆ ಮೆಣಸು ಹಾಕಿ ಹುರಿಯಿರಿ. ಅರೆದ ಟೊಮೆಟೊ 1, ಸೋಯಾ ಸಾಸ್ 2 ಟೀ ಚಮಚ, ಕೊನೆಗೆ ಅರ್ಧ ಲೋಟ ನೀರಿನಲ್ಲಿ ಕದಡಿದ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ ಕುದಿಸಿ. ಗೋಬಿ ಸೇರಿಸಿ ಕೂಡಲೇ ಬಡಿಸಿ.

ಕೆಲಸ ಒಬ್ಬರದ್ದೇ ಅಲ್ಲ

ಇದನ್ನೆಲ್ಲ ಓದಿ "ಇನ್ನೊಂದು ಕೆಲಸ ನನ್ನ ತಲೆಗೇ ಬಂತು" ಎಂದು ಯಾವ ತಾಯಿಗೂ ಅನಿಸಬಾರದು. ಹೊರಗಿನಿಂದ ತರಿಸುವುದಕ್ಕೆ ನಿಜವಾದ ಕಾರಣ ಬಹಳ ಸಲ ರುಚಿಯಲ್ಲ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಬಂದ ಸುಸ್ತು. ಮಗನಿಗೆ ತರಕಾರಿ ಹೆಚ್ಚಲು ಹೇಳಿ, ಮಗಳಿಗೆ ಸಾಸ್ ಅಳೆಯಲು ಕೊಡಿ. ಬಾಣಲೆ ತಿರುವುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ತರಕಾರಿ ಹೆಚ್ಚಿ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಇಪ್ಪತ್ತು ನಿಮಿಷದಲ್ಲಿ ಊಟ ಸಿದ್ಧ. ತಾನೇ ಹೆಚ್ಚಿದ ಕ್ಯಾರೆಟನ್ನು ತಟ್ಟೆಯ ಅಂಚಿಗೆ ಸರಿಸುವ ಮಕ್ಕಳು ಕಡಿಮೆ.

ನಮ್ಮ ಊಟ ಹಲಾಲ್ ಆಗಿರಬೇಕು, ತಯ್ಯಿಬ್ ಕೂಡ ಆಗಿರಬೇಕು. ಮೊದಲನೆಯದಕ್ಕೆ ನಾವು ಅಂಗಡಿಯಲ್ಲಿ ನೂರು ಪ್ರಶ್ನೆ ಕೇಳುತ್ತೇವೆ. ಎರಡನೆಯದಕ್ಕೂ ಅಷ್ಟೇ ಕಾಳಜಿ ಇರಲಿ. ಈ ವಾರ ಒಂದು ರಾತ್ರಿ ಆರ್ಡರ್ ಬಿಟ್ಟು ಇವುಗಳಲ್ಲಿ ಒಂದನ್ನು ಮಾಡಿ ನೋಡಿ. ಆ ದಿನ ಮಧ್ಯಾಹ್ನದ ಅನ್ನವನ್ನು ಮಾತ್ರ ಊಟವಾದ ಕೂಡಲೇ ತಟ್ಟೆಯಲ್ಲಿ ಹರಡಿ ಆರಿಸಿ, ಫ್ರಿಜ್ಜಿಗೆ ಸೇರಿಸಲು ಮರೆಯಬೇಡಿ.