ಟ್ರ್ಯಾಕ್ಟರ್ ನಡೆಸುವಾಗ ಚಿತ್ತದ ಎಚ್ಚರ

ಎತ್ತಿನ ಗಾಡಿಯ ಕಾಲದಲ್ಲಿ ಸಂತೆಯಿಂದ ಇರುಳಿನಲ್ಲಿ ಹಿಂದಿರುಗುವ ರೈತನು ಗಾಡಿಯಲ್ಲಿಯೇ ತೂಕಡಿಸಿದರೂ ಎತ್ತುಗಳು ಪರಿಚಿತವಾದ ಹಾದಿ ಹಿಡಿದು ಊರು ಸೇರುತ್ತಿದ್ದುದುಂಟು. ಎತ್ತಿಗೆ ಕಣ್ಣುಂಟು; ಹಳ್ಳವನ್ನು ಕಂಡರೆ ನಿಲ್ಲುವ ಬುದ್ಧಿಯುಂಟು. ಟ್ರ್ಯಾಕ್ಟರಿಗೆ ಇವೆರಡೂ ಇಲ್ಲ. ನಡೆಸುವವನ ಚಿತ್ತವು ಬೇರೆಡೆಗೆ ಹರಿದೊಡನೆ ಯಂತ್ರವು ಕುರುಡಾಗುವುದು.

ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರುಗಳ ರಸ್ತೆಗಳಲ್ಲಿ ಈ ಎಚ್ಚರವು ವಿಶೇಷವಾಗಿ ಅವಶ್ಯಕ. ತೆಂಗು, ರಾಗಿ, ಆಲೂಗೆಡ್ಡೆಗಳ ಹೊರೆಗಳೂ ದೇವಾಲಯಗಳನ್ನು ನೋಡಲು ಬರುವವರ ವಾಹನಗಳೂ ಇಲ್ಲಿ ಒಂದೇ ದಾರಿಯಲ್ಲಿ ಸಂಚರಿಸುವುವು. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು; ದೂರದಿಂದ ಬರುವ ಚಾಲಕರಿಗೆ ಇಲ್ಲಿಯ ತಿರುವುಗಳು ಹೊಸವು. ಸುಗ್ಗಿಯಲ್ಲಿ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುವ ರೂಢಿಯೂ ಉಂಟು. ಅಲ್ಲಿ ಬಗ್ಗಿ ಕಾಳು ಬಾಚುತ್ತಿರುವವರು ನಮ್ಮ ಮನೆಯವರೇ ಆಗಿರಬಹುದು.

ಗಂಟೆಗೆ 36 ಕಿಲೋಮೀಟರ್ ವೇಗದ ವಾಹನವು ಸೆಕೆಂಡಿಗೆ 10 ಮೀಟರ್ ಸಾಗುವುದು. ಮೊಬೈಲಿನಲ್ಲಿ ಕರೆದವರಾರೆಂದು ನೋಡಲು 3 ಸೆಕೆಂಡು ಹಿಡಿದರೆ, 30 ಮೀಟರ್ ದೂರ ಕಣ್ಣು ಮುಚ್ಚಿ ನಡೆಸಿದಂತಾಯಿತು. ಆಮೇಲೆ ಬ್ರೇಕು ಒತ್ತಿದರೂ, ತನ್ನದೇ ಬ್ರೇಕಿಲ್ಲದ ಟ್ರೇಲರು ಹಿಂದಿನಿಂದ ತಳ್ಳುವುದರಿಂದ ನಿಲ್ಲಲು ಇನ್ನಷ್ಟು ದೂರ ಬೇಕಾಗುವುದು.

ಕಿವಿಗೆ ಸಿಕ್ಕಿಸಿಕೊಂಡು ಮಾತನಾಡಿದರೆ ಅಪಾಯವಿಲ್ಲವೆಂದು ಕೆಲವರು ವಾದಿಸುವರು. ಕೈಗೆ ಬಿಡುವಾಗುವುದು ದಿಟ, ಮನಸ್ಸಿಗೆ ಬಿಡುವಾಗದು. ಕೊಬ್ಬರಿಯ ಧಾರಣೆಯನ್ನು ಲೆಕ್ಕಹಾಕುತ್ತಿರುವವನು ಎದುರಿಗೆ ಬಂದ ಕರುವನ್ನು ಕಂಡೂ ಕಾಣನು. ನಡೆಸುವಾಗ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದು, ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪಾಯಕರ ಚಾಲನೆಯ ಅಪರಾಧವಾಗಬಲ್ಲದು.

ರಸ್ತೆಯಲ್ಲಿ ಕಣ್ಣಿಗೆ ಬೇರೆ ಕೆಲಸವಿರಬಾರದು. ಆದಕಾರಣ ಉಳಿದ ಕೆಲಸಗಳನ್ನು ಹೊರಡುವ ಮೊದಲೇ ಮುಗಿಸತಕ್ಕದ್ದು:

1. ಹೊರೆಯ ಹಗ್ಗವನ್ನು ಬಿಗಿದು ನೋಡಬೇಕು. ಆಗ ದಾರಿಯಲ್ಲಿ ಮತ್ತೆ ಮತ್ತೆ ಹಿಂದಿರುಗಿ ನೋಡುವ ಚಿಂತೆಯಿರದು.

2. ಕನ್ನಡಿಯನ್ನು ಒರೆಸಿ ಸರಿಪಡಿಸಬೇಕು. ಉಳುವಾಗ ಬೇರ್ಪಡಿಸಿದ್ದ ಎರಡು ಬ್ರೇಕು ಪೆಡಲುಗಳನ್ನು ಕೊಂಡಿಯಿಂದ ಕೂಡಿಸಬೇಕು.

3. ಮಂಡಿಯ ಧಾರಣೆಯನ್ನು ಮೊದಲೇ ವಿಚಾರಿಸಿ, ಮೊಬೈಲನ್ನು ಕೈಗೆಟಕದಂತೆ ಇಡಬೇಕು. ಅವಶ್ಯವಾದರೆ ತಿರುವಿಲ್ಲದ ಕಡೆಯಲ್ಲಿ, ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿ ಮಾತನಾಡಬಹುದು.

4. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನಾಗಲಿ ಸ್ನೇಹಿತರನ್ನಾಗಲಿ ಕೂರಿಸಬಾರದು. ಅವರು ಬೀಳುವ ಭಯವೊಂದು. ಅವರೊಡನೆ ಮಾತಿನಲ್ಲಿ ಮೈಮರೆಯುವ ಭಯವಿನ್ನೊಂದು.

ಯಜಮಾನರಿಗೂ ಇಲ್ಲಿ ಕರ್ತವ್ಯವುಂಟು. "ಎಲ್ಲಿದ್ದೀಯಪ್ಪ, ಇನ್ನೂ ಬರಲಿಲ್ಲವೇ?" ಎಂದು ದಾರಿಯಲ್ಲಿರುವ ಆಳನ್ನು ಪದೇ ಪದೇ ಕರೆಯುವವರು ತಾವೇ ಅವನ ದೃಷ್ಟಿಯನ್ನು ರಸ್ತೆಯಿಂದ ಕೀಳುವರು. ಯಜಮಾನನ ಕರೆಗೆ ಓಗೊಡದಿರುವ ಧೈರ್ಯ ಆಳಿಗೆ ಸುಲಭವಾಗಿ ಬಾರದು. ಆದುದರಿಂದ ದಾರಿಯಲ್ಲಿ ಕರೆಗೆ ಉತ್ತರಿಸಬೇಡವೆಂದು ಹೊರಡುವಾಗಲೇ ಅವನಿಗೆ ತಿಳಿಸುವುದು ಉತ್ತಮ. ಇಂದು ತಡವಾದ ಕೊಬ್ಬರಿಯನ್ನು ನಾಳೆ ಮಾರಬಹುದು. ಆಳಿನ ಪ್ರಾಣಕ್ಕೆ ಅಂತಹ ಅನುಕೂಲವಿಲ್ಲ.